ಕಾಲು ಮೈಲಿ, ಕಾಲು ಸೆಕೆಂಡು: ಸಂಗಪ್ಪ ಬಸರಕೋಡರ ಅಳತೆ

ಕುವೈತಿನಲ್ಲಿ ವೇಗದ ಕಾರುಗಳಿಗೆ ಎಂದೂ ಬರವಿರಲಿಲ್ಲ. ಅವುಗಳ ವೇಗವನ್ನು ಹೊಗಳುವವರಿಗೂ ಬರವಿರಲಿಲ್ಲ. ಬರವಿದ್ದದ್ದು ಆ ವೇಗವನ್ನು ಅಳೆದು, ಅಳೆದದ್ದನ್ನು ಬರೆದು, ಬರೆದದ್ದಕ್ಕೆ ಕೆಳಗೆ ತನ್ನ ಹೆಸರು ಹಾಕುವವರಿಗೆ. ಅಂಥವರ ಪಟ್ಟಿ ಬಹಳ ಚಿಕ್ಕದು, ಅದರಲ್ಲಿ ಮೊದಲು ಬರೆಯಬೇಕಾದ ಹೆಸರು ಶ್ರೀ ಸಂಗಪ್ಪ ಬಸರಕೋಡ ಅವರದು. ಇಪ್ಪತ್ತೊಂದು ವರ್ಷಗಳ ಸೇವೆಯ ನಂತರ ಈ ಜೂನ್ ತಿಂಗಳಲ್ಲಿ ಅವರು ನಿವೃತ್ತರಾಗುತ್ತಿದ್ದಾರೆ. ಅವರಿಗೆ ಅರ್ಪಿಸುವ ಈ ಸಂಪುಟಕ್ಕೆ ಬರೆಯುವಂತೆ ನಮ್ಮ ಕನ್ನಡ ಬಳಗದವರು ಕೇಳಿದಾಗ ನಾನು ಒಪ್ಪಿದ್ದು ಸ್ನೇಹದಿಂದ ಮಾತ್ರವಲ್ಲ. ಅವರ ವೃತ್ತಿಜೀವನದ ಅತಿ ಕಷ್ಟದ ಎರಡು ತಿಂಗಳಿಗೆ ನನ್ನ ಪತ್ರಿಕೆಯ ಪುಟವೇ ಕಾರಣವಾಗಿತ್ತು. ಅದರ ವಿವರ ಸರಿಯಾಗಿ ದಾಖಲಾಗಬೇಕು ಎಂಬುದು ಇನ್ನೊಂದು ಕಾರಣ.

ಗುಳೇದಗುಡ್ಡದ ಸಂಗಪ್ಪನವರು ಹುಬ್ಬಳ್ಳಿಯಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ, ಅಲ್ಲಿಯೇ ಬಸ್ ಕಾರ್ಯಾಗಾರವೊಂದರಲ್ಲಿ ಹದಿನಾಲ್ಕು ವರ್ಷ ದುಡಿದು, ೧೯೯೩ರ ಅಕ್ಟೋಬರಿನಲ್ಲಿ ಕುವೈತಿಗೆ ಬಂದರು. ಯುದ್ಧ ಮುಗಿದು ಎರಡೂವರೆ ವರ್ಷವಾಗಿತ್ತು. ಕಳೆದುಕೊಂಡ ಕಾರುಗಳ ಜಾಗಕ್ಕೆ ಹೊಸವು ಹಡಗುಗಟ್ಟಲೆ ಬಂದಿಳಿಯುತ್ತಿದ್ದ ಕಾಲ ಅದು. ಶುವೈಖಿನ ಒಂದು ಕಾರು ಮಾರಾಟ ಕಂಪನಿಯ ವರ್ಕ್‌ಶಾಪಿನಲ್ಲಿ ಅವರಿಗೆ ಕೆಲಸ ಸಿಕ್ಕಿತು. ಕಂಪನಿಯ ಹಿರಿಯ ಮಾಲೀಕರೇ ಅವರ ಕಫೀಲ್, ಅಂದರೆ ಈ ದೇಶದಲ್ಲಿ ಅವರು ಇರುವುದಕ್ಕೆ ಹೊಣೆ ಹೊತ್ತ ಪ್ರಾಯೋಜಕರು. ಎರಡು ವರ್ಷದ ಮೇಲೆ ಪತ್ನಿ ಗೌರವ್ವನವರೂ ಮಗಳು ಸೌಂದರ್ಯಾಳೂ ಬಂದರು. ಹವಲ್ಲಿಯ ಹಳೆಯ ಕಟ್ಟಡವೊಂದರ ಮೂರನೇ ಮಹಡಿಯಲ್ಲಿ ಮನೆ.

ನನಗೆ ಅವರ ಪರಿಚಯವಾದದ್ದು ೧೯೯೭ರ ಫೆಬ್ರವರಿಯಲ್ಲಿ, ಒಂದು ದೂರವಾಣಿ ಕರೆಯಿಂದ. ಮಂಗಳೂರಿನ ದಿನಪತ್ರಿಕೆಯೊಂದರ ಸುದ್ದಿಮೇಜಿನಿಂದ ಇಲ್ಲಿನ ಇಂಗ್ಲಿಷ್ ಪತ್ರಿಕೆಗೆ ಬಂದ ನನಗೆ ಮಂಗಳವಾರದ ಮೋಟಾರು ಪುಟವನ್ನು ವಹಿಸಿದ್ದರು. ಕಾರು ಓಡಿಸಲು ಬರುತ್ತಿತ್ತು ಎನ್ನುವುದೊಂದೇ ನನ್ನ ಅರ್ಹತೆ. ಆ ವಾರ ಒಂದು ಹೊಸ ಸ್ಪೋರ್ಟ್ಸ್ ಕಾರು ನಿಂತಲ್ಲಿಂದ ನೂರು ಕಿಲೋಮೀಟರ್ ವೇಗಕ್ಕೆ ೬.೨ ಸೆಕೆಂಡಿನಲ್ಲಿ ಏರುತ್ತದೆ ಎಂದು ಬರೆದಿದ್ದೆ. ಕರೆ ಮಾಡಿದವರು ಇಂಗ್ಲಿಷಿನಲ್ಲಿ ಶುರು ಮಾಡಿದರು. ನಾನು ಎರಡು ವಾಕ್ಯ ಆಡಿದ್ದೇ ತಡ, ಕನ್ನಡಕ್ಕೆ ತಿರುಗಿದರು.

“ನೀವು ನಮ್ಮವರ ಏನ್ರೀ? ಚಲೋ ಆತು. ಆ ಆರು ಪಾಯಿಂಟ್ ಎರಡು ಅಂತ ಬರದೀರಲ್ಲ, ಅದನ್ನ ಅಳದವರು ಯಾರ್ರೀ?”

“ಕಂಪನಿಯ ಬ್ರೋಷರಿನಲ್ಲಿ ಉಂಟು,” ಎಂದೆ.

“ಹಂಗಾರ ಅದು ಸುದ್ದಿ ಅಲ್ರಿ, ಜಾಹೀರಾತು. ಬರೂ ಶುಕ್ರವಾರ ಬೆಳಿಗ್ಗೆ ಐದೂವರಿಗೆ ಎದ್ದಿರ್ತೀರಿ?”

ಅಂದಿನಿಂದ ನನ್ನ ಶುಕ್ರವಾರಗಳು ಅವರವಾದವು. ನಗರದ ದಕ್ಷಿಣಕ್ಕೆ, ಮರಳಿನ ನಡುವೆ, ಒಂದು ಮೋಟಾರು ಕ್ಲಬ್ಬಿಗೆ ಸೇರಿದ ಕಾಲು ಮೈಲಿಯ ಡ್ರ್ಯಾಗ್ ಸ್ಟ್ರಿಪ್ ಇತ್ತು. ನಿಂತ ಕಾರು ಒಂದೇ ಉಸಿರಿಗೆ ಓಡಿ ಮುಗಿಸಬೇಕಾದ ನೇರ ರಸ್ತೆ ಅದು, ಕರಾರುವಾಕ್ಕಾಗಿ ೪೦೨.೩ ಮೀಟರು. ಪಕ್ಕದಲ್ಲಿ ತಿರುವುಗಳ ಸಣ್ಣ ಟ್ರ್ಯಾಕ್ ಕೂಡ ಇತ್ತು. ಸಂಗಪ್ಪನವರ ಅಳತೆಯ ಕ್ರಮ ಹದಿನೇಳು ವರ್ಷದಲ್ಲಿ ಬದಲಾಗಿಲ್ಲ. ಪರೀಕ್ಷೆಗೆ ಮುನ್ನ ಕಾರನ್ನು ಸಬ್ಹಾನ್‌ನ ಗೋದಾಮೊಂದರ ಲಾರಿ ತೂಕದ ಕಟ್ಟೆಯ ಮೇಲೆ ನಿಲ್ಲಿಸಿ ತೂಗಬೇಕು. ಪೆಟ್ರೋಲು ಅರ್ಧ ಟ್ಯಾಂಕ್, ಹೆಚ್ಚೂ ಅಲ್ಲ, ಕಡಿಮೆಯೂ ಅಲ್ಲ. ಟೈರಿನ ಗಾಳಿಯನ್ನು ಟೈರು ತಣ್ಣಗಿರುವಾಗಲೇ ನೋಡಬೇಕು. ಇಲ್ಲಿ ವಾಯವ್ಯದಿಂದ ಗಾಳಿ ಬೀಸುತ್ತದೆ. ಬೆನ್ನಿಗೆ ಗಾಳಿ ಇದ್ದರೆ ಯಾವ ಕಾರೂ ಶೂರ, ಎದುರಿಗಿದ್ದರೆ ಯಾವುದೂ ಅಲ್ಲ. ಆದ್ದರಿಂದ ಆ ಕಡೆಗೆ ಎರಡು ಓಟ, ಈ ಕಡೆಗೆ ಎರಡು ಓಟ, ಪ್ರಕಟವಾಗುವುದು ನಾಲ್ಕರ ಸರಾಸರಿ ಮಾತ್ರ. ಅತ್ಯುತ್ತಮ ಓಟದ ಅಂಕಿಯನ್ನು ಅವರು ನನಗೆ ಹೇಳುತ್ತಲೂ ಇರಲಿಲ್ಲ, ಹೇಳಿದರೆ ನಾನು ಬರೆದುಬಿಟ್ಟೇನೆಂದು. ಜೂನ್‌ನಿಂದ ಸೆಪ್ಟೆಂಬರ್ ತನಕ ಅಳತೆಯೇ ಇಲ್ಲ, ಏಕೆಂದರೆ ಆ ಬಿಸಿಯಲ್ಲಿ ಎಂಜಿನ್ನಿಗೆ ಉಸಿರು ಸಾಲದು.

ಟ್ರ್ಯಾಕಿನಲ್ಲಿ ಅವರು ಐದು ಸುತ್ತು ಓಡಿಸುತ್ತಿದ್ದರು. ಎಲ್ಲರೂ ಮೊದಲ ಸುತ್ತಿನ ಸಮಯ ನೋಡಿ ಚಪ್ಪಾಳೆ ತಟ್ಟಿದರೆ ಇವರು ಐದನೆಯದಕ್ಕೆ ಕಾಯುತ್ತಿದ್ದರು. ಬ್ರೇಕು ಬಿಸಿಯಾಗಿ, ಟೈರು ಸೋತು, ಆಗ ಕಾರು ಏನು ಮಾಡುತ್ತದೆ ಎನ್ನುವುದು ಅವರ ಪ್ರಶ್ನೆ. “ಮದಲ್ನೇ ಸುತ್ತಿನ್ಯಾಗ ಎಲ್ಲಾ ಕಾರೂ ಮದಲಿಂಗರ್ರಿ,” ಎನ್ನುತ್ತಿದ್ದರು. “ಐದನೇದರಾಗ ಮನಿ ಗಂಡ ಆಗ್ತಾವ.”

ಸ್ಟಿಯರಿಂಗ್ ಹಿಡಿಯುತ್ತಿದ್ದವರು ನೌಷಾದ್, ಉಪ್ಪಿನಂಗಡಿಯವರು, ಅದೇ ಕಂಪನಿಯಲ್ಲಿ ಹೊಸ ಕಾರುಗಳನ್ನು ಗಿರಾಕಿಗಳ ಮನೆಗೆ ತಲುಪಿಸುವ ಚಾಲಕ. ಗೇರು ಬದಲಿಸುವ ಅವರ ಕೈ ಗಡಿಯಾರದಷ್ಟು ಸಮ. ಆದರೂ ಸಂಗಪ್ಪನವರು ಪ್ರತಿ ಓಟದಲ್ಲಿಯೂ ಪಕ್ಕದ ಸೀಟಿನಲ್ಲಿ ಕುಳಿತು, ಕೈಯ ಹದವನ್ನೂ ಸ್ಪೀಡೋಮೀಟರಿನ ಸುಳ್ಳನ್ನೂ ಗಮನಿಸುತ್ತಿದ್ದರು.

ಈ ಶಿಸ್ತು ಒಣ ಶಿಸ್ತಾಗಿರಲಿಲ್ಲ. ೨೦೦೦ದ ಚಳಿಗಾಲದಲ್ಲಿ ರುಮೈಥಿಯಾದ ಶಾಲಾ ಶಿಕ್ಷಕರೊಬ್ಬರು ತಮ್ಮ ಹೊಸ ಕಾರು ಯಾಕೋ ಎಳೆಯುತ್ತಿಲ್ಲ ಎಂದು ವರ್ಕ್‌ಶಾಪಿಗೆ ಮೂರು ಸಲ ತಂದರು. ಮೂರು ಸಲವೂ ಮುಂಭಾಗದ ಕಚೇರಿಯವರು ನಕ್ಕು ಕಳಿಸಿದರು. ಸಂಗಪ್ಪನವರು ತಮ್ಮ ರಜೆಯ ದಿನ ಆ ಕಾರನ್ನು ಸ್ಟ್ರಿಪ್ಪಿಗೆ ಒಯ್ದು ಓಡಿಸಿದರು. ಅದೇ ಮಾದರಿಯ ಇತರ ಕಾರುಗಳಿಗಿಂತ ಅದು ೦.೯ ಸೆಕೆಂಡು ನಿಧಾನವಿತ್ತು. ಪೆಟ್ರೋಲು ಪಂಪು ಸೋತಿತ್ತು, ಕಂಪನಿ ಅದನ್ನು ಬದಲಿಸಿಕೊಟ್ಟಿತು. ಆ ಶಿಕ್ಷಕರಿಗೆ ಬೇಕಾಗಿದ್ದದ್ದು ಪಂಪಿಗಿಂತ ಹೆಚ್ಚಾಗಿ ತನ್ನ ಮಾತನ್ನು ನಂಬುವ ಒಬ್ಬ ಮನುಷ್ಯ ಎಂದು ನನಗೆ ಅನ್ನಿಸಿತ್ತು. ಅಳೆಯುವುದು ಸಂಗಪ್ಪನವರಿಗೆ ಇನ್ನೊಬ್ಬರ ದೂರನ್ನು ಗೌರವದಿಂದ ಕೇಳಿಸಿಕೊಳ್ಳುವ ಒಂದು ಬಗೆ.

ಇನ್ನು ೨೦೦೫ರ ಜನವರಿಯ ಸಂಗತಿ. ಇಬ್ಬರು ಪೈಪೋಟಿಯ ಮಾರಾಟಗಾರರು ಒಂದೇ ಬೆಲೆಯ, ಒಂದೇ ಶಕ್ತಿಯ ಎರಡು ಸ್ಪೋರ್ಟ್ಸ್ ಕಾರುಗಳನ್ನು ತಂದಿದ್ದರು. ಒಂದು ಕೆಂಪು, ಸಂಗಪ್ಪನವರ ಕಂಪನಿಯದು. ಇನ್ನೊಂದು ಬೆಳ್ಳಿ ಬಣ್ಣದ್ದು, ಎದುರಾಳಿಗಳದು. ಎರಡನ್ನೂ ಹೋಲಿಸುವ ಪರೀಕ್ಷೆ ಮಾಡೋಣವೆಂದು ನಮ್ಮ ಪತ್ರಿಕೆ ಕೇಳಿತು. ಅಳೆಯುವವರು ಸಂಗಪ್ಪ ಎಂದ ಮೇಲೆ ಎದುರಾಳಿಗಳೂ ತಕರಾರಿಲ್ಲದೆ ಒಪ್ಪಿದರು. ಸಂಗಪ್ಪನವರು ಯಾರ ಸಂಬಳ ಪಡೆಯುತ್ತಾರೆ ಎಂದು ಎಲ್ಲರಿಗೂ ಗೊತ್ತಿತ್ತು.

ಜನವರಿ ಏಳು, ಶುಕ್ರವಾರ. ಬೆಳ್ಳಿ ಕಾರಿನ ನಾಲ್ಕು ಓಟ ಮುಗಿದವು. ಅಷ್ಟರಲ್ಲಿ, ಓಟದ ಸಮಯವನ್ನು ಕಾಗದದ ಚೀಟಿಯ ಮೇಲೆ ಒತ್ತಿ ಕೊಡುವ ಸಣ್ಣ ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಂಡಿತು. ಸಂಗಪ್ಪನವರು ಸ್ಟ್ರಿಪ್ಪಿನ ಕೊನೆಯ ಗುಡಿಸಲಿಗೆ ಹೋಗಿ, ಅದರ ಮುಚ್ಚಳ ತೆಗೆದು, ಕಾಗದವನ್ನು ಕೈಯಲ್ಲಿ ಎಳೆಯುತ್ತ, ಅಲ್ಲಿಂದಲೇ ಫೋನಿನಲ್ಲಿ ನೌಷಾದರಿಗೆ “ಯಲ್ಲಾ”, ಅಂದರೆ ಹೊರಡು, ಎನ್ನುತ್ತ ಕೆಂಪು ಕಾರಿನ ನಾಲ್ಕೂ ಓಟಗಳನ್ನು ಮುಗಿಸಿದರು. ಫಲಿತಾಂಶ: ಬೆಳ್ಳಿ ೧೩.೮೪ ಸೆಕೆಂಡು, ಕೆಂಪು ೧೩.೬೬. ಹನ್ನೊಂದರ ಮಂಗಳವಾರ ನಾನು ಅದನ್ನು ಪ್ರಕಟಿಸಿದೆ. ಹನ್ನೆರಡಕ್ಕೆ ಕಂಪನಿಯ ಪೂರ್ಣಪುಟದ ಜಾಹೀರಾತು ಬಂತು. ಅದರಲ್ಲಿ ನಮ್ಮ ಅಂಕಿಯೇ ದೊಡ್ಡಕ್ಷರದಲ್ಲಿತ್ತು.

ಹದಿಮೂರರ ಗುರುವಾರ ವಾರದ ರಜೆ. ಆಗಿನ್ನೂ ಇಲ್ಲಿ ಗುರುವಾರ, ಶುಕ್ರವಾರ ರಜೆಯಿದ್ದ ಕಾಲ. ಮೂವರೂ ಹವಲ್ಲಿಯ ಮಲಬಾರಿ ಹೋಟೆಲಿನಲ್ಲಿ ಚಹಾ ಕುಡಿಯುತ್ತಿದ್ದೆವು. ನೌಷಾದ್ ಗೆಲುವಿನ ಖುಷಿಯಲ್ಲಿದ್ದರು.

“ಸಂಗಪ್ಪಣ್ಣ, ನೀವು ಇಳಿದದ್ದೇ ಇಳಿದದ್ದು, ಗಾಡಿ ಹಾರಿತು ಮಾರ್ರೆ! ನಿಮ್ಮ ಹೊಟ್ಟೆಯ ಜೋಳದ ರೊಟ್ಟಿ ಎಲ್ಲ ಪ್ರಿಂಟರಿನ ಹತ್ತಿರ ಬಾಕಿ ಆಯ್ತಲ್ಲ.”

ನಾನು ನಕ್ಕೆ. ಸಂಗಪ್ಪನವರು ಲೋಟ ಕೆಳಗಿಟ್ಟರು.

“ಯಾವ್ಯಾವ ಓಟದಾಗ ಇಳಿದಿದ್ದೆ ನಾ?”

“ಕೆಂಪಿನ ನಾಲ್ಕಕ್ಕೂ. ಯಾಕೆ? ತಮಾಷೆಗೆ ಹೇಳಿದ್ದು ಮಾರ್ರೆ ನಾನು.”

“ತಮಾಷಿ ಅಲ್ಲೋ ತಮ್ಮಾ. ಖಲಾಸ್ ಆತು ನಂದು.”

ತಪ್ಪು ಹೇಗಾಯಿತೆಂದರೆ, ಅವರ ದಾಖಲೆ ಹಾಳೆಯಲ್ಲಿ ‘ಒಳಗಿರುವವರು’ ಎಂದೊಂದು ಅಂಕಣವಿತ್ತು. ಎಂಟು ವರ್ಷಗಳಲ್ಲಿ ಅದು ಬದಲಾದದ್ದೇ ಇಲ್ಲವಾದ್ದರಿಂದ, ಹಾಳೆ ಸಿದ್ಧಪಡಿಸುವಾಗಲೇ ಅವರು ಪ್ರತಿ ಸಾಲಿನಲ್ಲಿ ‘೨’ ಎಂದು ಬರೆದಿಡುತ್ತಿದ್ದರು. ಅವರ ತೂಕ ೮೪ ಕಿಲೋ. ಬೆಳ್ಳಿ ಕಾರು ಅಷ್ಟನ್ನು ಹೊತ್ತು ಓಡಿತ್ತು, ಕೆಂಪು ಕಾರು ಹೊರದೆ ಓಡಿತ್ತು. ಸುಮಾರು ಒಂದೂವರೆ ಟನ್ನಿನ ಕಾರಿಗೆ ಅದು ಹೆಚ್ಚುಕಡಿಮೆ ಕಾಲು ಸೆಕೆಂಡಿನ ವ್ಯತ್ಯಾಸ. ಗೆದ್ದ ಅಂತರವೇ ಅದಕ್ಕಿಂತ ಕಡಿಮೆಯಿತ್ತು. ಸ್ಟೆಪ್ನಿಯನ್ನೂ ಜಾಕನ್ನೂ ಬಿಡದೆ ತೂಗಿದವರು ತಮ್ಮನ್ನು ಮರೆತಿದ್ದರು. ಆರಂಭದ ಗೆರೆಯಲ್ಲಿ ನಿಂತಿದ್ದ ನಾನು ಆ ಖಾಲಿ ಸೀಟನ್ನು ನಾಲ್ಕು ಸಲ ಕಣ್ಣಾರೆ ಕಂಡಿದ್ದೆ, ನನಗೂ ಹೊಳೆದಿರಲಿಲ್ಲ.

ಅಲ್ಲಿಯೇ, ಚಹಾದ ಮೇಜಿನಲ್ಲಿಯೇ, ಅವರು ತಿದ್ದುಪಡಿ ಹಾಕಬೇಕೆಂದರು. ನಾನು ಬೇಡವೆಂದೆ. ಕಾರಣವನ್ನು ಮರೆಮಾಚುವುದಿಲ್ಲ. ಅವರ ಇಕಾಮಾ, ಅಂದರೆ ಈ ದೇಶದಲ್ಲಿ ವಾಸಿಸುವ ಪರವಾನಗಿ, ಫೆಬ್ರವರಿ ೨೮ಕ್ಕೆ ಮುಗಿಯುವುದಿತ್ತು. ಅದನ್ನು ನವೀಕರಿಸಬೇಕಾದದ್ದು ಅದೇ ಕಂಪನಿ. ಹೆಂಡತಿ ಮತ್ತು ಮಗಳ ಇಕಾಮಾ ಅವರದಕ್ಕೇ ಕಟ್ಟಿಕೊಂಡಿತ್ತು. ಸೌಂದರ್ಯಾ ಆಗ ಹನ್ನೆರಡನೇ ತರಗತಿ. ಮಾರ್ಚ್ ಮೊದಲ ವಾರದಲ್ಲಿ ಬೋರ್ಡ್ ಪರೀಕ್ಷೆ. ಪರವಾನಗಿ ಹೋದರೆ ಮೂವರೂ ಪರೀಕ್ಷೆಯ ಮುನ್ನ ವಿಮಾನ ಹತ್ತಬೇಕು.

“ಮಾರ್ಚ್ ಮುಗಿಯಲಿ ಸಂಗಪ್ಪನವರೇ,” ಎಂದೆ. “ಕಾಲು ಸೆಕೆಂಡಿಗೆ ಯಾರೂ ಸಾಯುವುದಿಲ್ಲ.”

“ಸಾಯೂದಿಲ್ಲ, ಖರೇ. ಆದ್ರ ಆ ಅಂಕಿ ನೋಡಿ ನಿನ್ನಿ ಒಂದ ದಿನಕ್ಕ ಮೂರು ಕಾರು ಹೋಗ್ಯಾವ್ರಿ. ಮಾರ್ಚಿನ ಮಟ ಎಷ್ಟ ಹೋಗ್ತಾವ ಅಂತ ಕುಂತು ನೋಡೂ ಕೆಲಸ ನನಗ ಬ್ಯಾಡ.”

ಪತ್ರಿಕೆಯವನಿಗೆ ಕಾರ್ಯಾಗಾರದವರು ಕಲಿಸಿದ ಪಾಠ ಅದು. ಛಾಯಾಚಿತ್ರಕ್ಕೆಂದು ಹತ್ತು ದಿನಕ್ಕೆ ಪಡೆದಿದ್ದ ಎರಡೂ ಕಾರುಗಳು ಇನ್ನೂ ನಮ್ಮ ವಶದಲ್ಲೇ ಇದ್ದವು. ಮರುದಿನ ಬೆಳಿಗ್ಗೆ ಎರಡನ್ನೂ ಮತ್ತೆ ತೂಗಿ, ಎರಡರಲ್ಲಿಯೂ ಸಂಗಪ್ಪನವರೇ ಕುಳಿತು, ನಾಲ್ಕು ನಾಲ್ಕು ಓಟ ಓಡಿಸಿದೆವು. ಬೆಳ್ಳಿ ೧೩.೮೬. ಕೆಂಪು ೧೩.೯೧. ಗೆದ್ದ ಕಾರು ಸೋತಿತ್ತು.

ತಿದ್ದುಪಡಿ ಅಚ್ಚಾಗುವ ಮುನ್ನ ಕಂಪನಿಗೆ ತಿಳಿಯಬೇಕು, ಬೆನ್ನ ಹಿಂದೆ ಆಗಬಾರದು ಎಂದು ಶನಿವಾರ ಅವರೇ ಚೀಟಿಗಳನ್ನು ಹಿಡಿದು ಮಾಲೀಕರ ಮಗನ ಕೋಣೆಗೆ ಹೋದರು. ಹಿರಿಯರು ಚಿಕಿತ್ಸೆಗೆಂದು ಹೊರದೇಶದಲ್ಲಿದ್ದರು, ಮಗನೇ ವ್ಯವಸ್ಥಾಪಕ. ಆತ ಚೀಟಿಗಳನ್ನು ನೋಡಲಿಲ್ಲ. “ಸೀಟಿನಲ್ಲಿ ಎಷ್ಟು ಜನ ಎಂದು ಎಣಿಸಲು ನಿನಗೆ ಯಾರು ಹೇಳಿದರು?” ಎಂದು ಕೇಳಿದನಂತೆ. ಬಳಿಕ ನಮ್ಮ ಪತ್ರಿಕೆಗೂ ಫೋನು ಬಂತು. ನಮ್ಮ ಸಂಪಾದಕರು ನನ್ನನ್ನು ಕರೆದು, ಹೊಸ ಅಂಕಿ ಸರಿಯೇ ಎಂದು ಮಾತ್ರ ಕೇಳಿದರು. ಸರಿ ಎಂದೆ. ಹದಿನೆಂಟರ ಮಂಗಳವಾರ ತಿದ್ದುಪಡಿ ಅದೇ ಪುಟದಲ್ಲಿ, ಅದೇ ಜಾಗದಲ್ಲಿ ಬಂತು. ‘ಅಳತೆಯ ದೋಷ’ ಎಂದು ನಾನು ಬರೆದದ್ದನ್ನು ಸಂಗಪ್ಪನವರು ಹೊಡೆದು ‘ಅಳೆದವರ ದೋಷ’ ಎಂದು ಮಾಡಿಸಿ, ಕೆಳಗೆ ಹೆಸರು ಹಾಕಿಸಿದರು.

ಅಲ್ಲಿಗೂ ನಿಲ್ಲಲಿಲ್ಲ. ಆ ವಾರ ಕೆಂಪು ಕಾರು ಕೊಂಡ ಮೂವರಿಗೂ, ತಲುಪಿಸಿದ ವಿಳಾಸ ನೌಷಾದರ ಬಳಿ ಇದ್ದುದರಿಂದ, ತಾವೇ ಫೋನು ಮಾಡಿ ವಿಷಯ ತಿಳಿಸಿದರು. ಒಬ್ಬರು ಬೈದು ಕಾರು ಹಿಂದಿರುಗಿಸಿದರು. ಒಬ್ಬರು ನಕ್ಕರು. ಇನ್ನೊಬ್ಬ ಹಿರಿಯರು ಏನೂ ಹೇಳದೆ ಫೋನಿಟ್ಟರು.

ಇಪ್ಪತ್ತೆರಡರಂದು ಅವರನ್ನು ವರ್ಕ್‌ಶಾಪಿನಿಂದ ತೆಗೆದು ಸಬ್ಹಾನ್‌ನ ಬಿಡಿಭಾಗಗಳ ಗೋದಾಮಿಗೆ ಕಳಿಸಿದರು. ಇಕಾಮಾ ಬಗ್ಗೆ ಕೇಳಿದರೆ ‘ನೋಡೋಣ’ ಎಂಬ ಉತ್ತರ. ಎದುರಾಳಿ ಕಂಪನಿಯವರು ಕೆಲಸಕ್ಕೆ ಕರೆದರು. ತಿದ್ದುಪಡಿಯನ್ನು ಮಾರಿಕೊಂಡಂತಾಗುತ್ತದೆ ಎಂದು ಇವರು ಹೋಗಲಿಲ್ಲ. ಫೆಬ್ರವರಿ ಎರಡನೇ ವಾರ ನಾನು ಅವರ ಮನೆಗೆ ಹೋದಾಗ ಅಟ್ಟದ ಮೇಲಿನ ಟ್ರಂಕು ನಡುಮನೆಯಲ್ಲಿತ್ತು. ಗೌರವ್ವನವರು ಚಹಾ ಕೊಟ್ಟು, ನನ್ನ ಕಣ್ಣು ಎಲ್ಲಿದೆಯೆಂದು ನೋಡಿ ಹೇಳಿದರು:

“ನಾನ ಇಳಸೀನ್ರಿ ಅಣ್ಣಾರ. ಪಾತ್ರಿ ಅರಿವಿ ಎಲ್ಲಾ ಕಟ್ಟೂಣು. ಅಕಿ ಪುಸ್ತಕಕ್ಕ ಮಾತ್ರ ಯಾರೂ ಕೈ ಹಚ್ಚಬಾರ್ದು ಅಂದೀನಿ. ಹೋಗೂದ ಬಂದ್ರ ವಿಮಾನದಾಗೂ ಓದ್ಲಿ.”

ಒಳಗಿನಿಂದ ಸೌಂದರ್ಯಾ ಕೂಗಿದಳು: “ಅಂಕಲ್, ಪ್ಲೀಸ್ ಟೆಲ್ ಅಪ್ಪಾ ನಾಟ್ ಟು ಟೀಚ್ ಮಿ ಫಿಸಿಕ್ಸ್. ಹೀ ಫರ್ಗೆಟ್ಸ್ ದಿ ಮಾಸ್!”

ಸಂಗಪ್ಪನವರು ಬಹಳ ದಿನದ ಮೇಲೆ ನಕ್ಕದ್ದನ್ನು ಅಂದು ನೋಡಿದೆ.

ಮುಂದಿನದನ್ನು ನಾನು ನೌಷಾದರಿಂದ ಕೇಳಿ, ನಂತರ ಬೇರೆ ಇಬ್ಬರಿಂದ ಖಚಿತಪಡಿಸಿಕೊಂಡಿದ್ದೇನೆ. ಹಿರಿಯ ಮಾಲೀಕರು ಫೆಬ್ರವರಿ ಹದಿನೈದರ ಸುಮಾರಿಗೆ ಮರಳಿದರು. ಇಲ್ಲಿನ ಗಂಡಸರು ಸಂಜೆ ಒಟ್ಟಿಗೆ ಕುಳಿತು ಮಾತಾಡುವ ದಿವಾನಿಯಾದಲ್ಲಿ, ಫೋನಿಟ್ಟಿದ್ದ ಆ ಹಿರಿಯರು ಮಾಲೀಕರ ಪಕ್ಕದಲ್ಲೇ ಕೂರುವವರು. ಅವರು ಹೇಳಿದರಂತೆ: “ನಿನ್ನ ಹತ್ತಿರ ಒಬ್ಬ ಹಿಂದುಸ್ತಾನಿ ಇದ್ದಾನೆ. ನಿನ್ನ ಕಾರು ನಿಧಾನ ಎಂದು ನನಗೆ ಫೋನು ಮಾಡಿದ. ಕಾರನ್ನು ನಾನು ಇಟ್ಟುಕೊಳ್ಳುತ್ತೇನೆ. ಆ ಮನುಷ್ಯನನ್ನು ನೀನು ಇಟ್ಟುಕೋ.” ಫೆಬ್ರವರಿ ೧೯ರಂದು, ಗಡುವಿಗೆ ಒಂಬತ್ತು ದಿನ ಇರುವಾಗ, ಇಕಾಮಾ ನವೀಕರಣದ ಕಾಗದಕ್ಕೆ ಸಹಿ ಬಿತ್ತು. ಸೌಂದರ್ಯಾ ಪರೀಕ್ಷೆ ಬರೆದಳು, ಶೇಕಡಾ ೮೧ ಅಂಕ ಪಡೆದಳು. ಇಂದು ಬೆಳಗಾವಿಯಲ್ಲಿ ಔಷಧಗಳ ಗುಣಮಟ್ಟ ಪರೀಕ್ಷಿಸುವ ಪ್ರಯೋಗಾಲಯದಲ್ಲಿದ್ದಾಳೆ.

ಆದರೆ ಕಥೆಯನ್ನು ಇಲ್ಲಿಗೆ ಮುಗಿಸಿದರೆ ಸುಳ್ಳಾಗುತ್ತದೆ. ಮಗನ ಆದೇಶವನ್ನು ತಂದೆ ರದ್ದು ಮಾಡಲಿಲ್ಲ. ಸಂಗಪ್ಪನವರು ನಾಲ್ಕು ವರ್ಷ ಎರಡು ತಿಂಗಳು ಸಬ್ಹಾನ್‌ನ ತಗಡಿನ ಮಾಡಿನ ಕೆಳಗೆ ಕ್ಲಚ್ ಪ್ಲೇಟುಗಳನ್ನು ಎಣಿಸಿದರು. ಐವತ್ತರ ಹತ್ತಿರದ ಅನುಭವಿ ಮನುಷ್ಯ ತನ್ನ ವಿದ್ಯೆಯಿಂದ ಹೊರಗೆ ಕಳೆದ ಆ ವರ್ಷಗಳನ್ನು ಯಾರೂ ಹಿಂದಿರುಗಿಸಲಿಲ್ಲ. ಅದನ್ನು ಅವರು ಒಮ್ಮೆಯೂ ನನ್ನೆದುರು ಆಡಿಕೊಂಡಿಲ್ಲ. ಆಡಿಕೊಂಡಿದ್ದರೆ ನನಗೆ ಹಗುರವಾಗುತ್ತಿತ್ತು. ಆ ಅವಧಿಯಲ್ಲಿ ನನ್ನ ಪುಟದಲ್ಲಿ ಯಾವ ಸಮಯವೂ ಪ್ರಕಟವಾಗಲಿಲ್ಲ. ಅಳೆಯುವವರಿಲ್ಲದ ಮೇಲೆ ಅಂಕಿ ಹಾಕುವುದಿಲ್ಲ ಎಂಬುದಷ್ಟೇ ನನ್ನ ಕೈಲಾದದ್ದು.

೨೦೦೯ರಲ್ಲಿ ಮೋಟಾರು ಕ್ಲಬ್ಬು ಅವರನ್ನು ಶುಕ್ರವಾರಗಳ ಸಮಯಪಾಲಕರನ್ನಾಗಿ ಕರೆಯಿತು. ಕಂಪನಿ ಅಡ್ಡಿಪಡಿಸಲಿಲ್ಲ, ವಾರದ ಉಳಿದ ದಿನಗಳಿಗೆ ವರ್ಕ್‌ಶಾಪಿಗೂ ಮರಳಿ ಕರೆಸಿಕೊಂಡಿತು. ಪ್ರತಿ ಓಟಕ್ಕೂ ಮುನ್ನ ಕಾರಿನ ಒಳಗಿರುವವರನ್ನು ಬೆರಳಿಟ್ಟು ಎಣಿಸಿ, ಆಮೇಲೆಯೇ ಹಾಳೆಯಲ್ಲಿ ಬರೆಯುವ ಪದ್ಧತಿಯನ್ನು ಅವರು ತಂದರು. ಹುಡುಗರು ಅದನ್ನು ನೋಡಿ ಮುಸಿಮುಸಿ ನಗುತ್ತಿದ್ದರು. ಆದರೂ ರಸ್ತೆಯಲ್ಲಿ ಪಂದ್ಯ ಕಟ್ಟಿ ಸಾಯುವುದಕ್ಕಿಂತ ಸಂಗಪ್ಪನ ಚೀಟಿ ತಂದು ತೋರಿಸು ಎನ್ನುವ ಮಾತು ಅವರಲ್ಲಿ ಹುಟ್ಟಿತು. ಐದು ವರ್ಷಗಳಲ್ಲಿ ಅವರ ಸಹಿಯ ಒಂದು ಚೀಟಿಯನ್ನೂ ಯಾರೂ ಪ್ರಶ್ನಿಸಿದ್ದು ಕ್ಲಬ್ಬಿನ ದಾಖಲೆಯಲ್ಲಿಲ್ಲ. ನಾನು ಹುಡುಕಿ ನೋಡಿದ್ದೇನೆ.

ಈ ವರ್ಷದ ಮಾರ್ಚಿನಲ್ಲಿ ಒಂದು ಶುಕ್ರವಾರ, ಹಿರಿಯರ ಮಗನಾದ ಅದೇ ವ್ಯವಸ್ಥಾಪಕರು, ಈಗ ಕಂಪನಿಯ ಮಾಲೀಕರು, ತಾವು ಸ್ವಂತಕ್ಕೆ ಕೊಂಡ ಹೊಸ ಕಾರು ತಂದು ಸರದಿಯಲ್ಲಿ ನಿಂತರು. ಹಿಂದಿನ ವಾರವೂ ಬಂದಿದ್ದರಂತೆ. ಸಂಗಪ್ಪ ರಜೆಯೆಂದು ಕೇಳಿ ಓಡಿಸದೆ ಹಿಂದಿರುಗಿದ್ದರಂತೆ. ನಾಲ್ಕು ಓಟವಾಯಿತು. ಮಾರಿದವರು ಹೇಳಿದ್ದು ಹದಿಮೂರೂವರೆ, ಚೀಟಿಯಲ್ಲಿದ್ದದ್ದು ೧೪.೦೨. ಅವರು ಅದನ್ನು ಬಿಸಿಲಿಗೆ ಹಿಡಿದು ನೋಡಿದರು.

“ಸಂಗಾ, ಸಹೀ ಹೈ?”

“ಸಹೀ ಹೈ, ಸಾಬ್. ಫಿರ್ ಸೇ ನಾಪೂಂ?”

“ಲಾ. ಖಲಾಸ್.” ಮತ್ತೆ ಅಳೆಯುವುದು ಬೇಡ, ಮುಗಿಯಿತು ಎಂದು, ಚೀಟಿಯನ್ನು ಎರಡು ಮಡಿಕೆ ಮಾಡಿ ಎದೆಯ ಜೇಬಿನಲ್ಲಿಟ್ಟುಕೊಂಡು ಹೋದರು. ಸಂಗಪ್ಪನವರು ಮುಂದಿನ ಕಾರನ್ನು ಕರೆದರು.

ನಿವೃತ್ತಿಯ ನಂತರ ಅವರು ಹುಬ್ಬಳ್ಳಿಯಲ್ಲಿ ನೆಲೆಸಿ, ವಾಹನಗಳ ಪರೀಕ್ಷೆಯನ್ನು ಕುರಿತು ಕನ್ನಡದಲ್ಲಿ ಬರೆಯುತ್ತಿರುವ ಕೈಪಿಡಿಯನ್ನು ಪೂರ್ತಿಗೊಳಿಸಲಿದ್ದಾರೆ. ಅರುವತ್ತೆರಡು ಪುಟ ಆಗಿದೆ, ನಾನು ಓದಿದ್ದೇನೆ. ಅದರ ಮೂರನೆಯ ಅಧ್ಯಾಯಕ್ಕೆ ‘ನಾನು ಮಾಡಿದ ತಪ್ಪು’ ಎಂದು ಹೆಸರು. ಡಿಪ್ಲೊಮಾ ಓದುವ ಮಕ್ಕಳ ಕೈಗೆ ಅದು ಬೇಗ ಸೇರಲಿ. ಗೌರವ್ವನವರ ಜೊತೆಗಿನ ಅವರ ಬಾಳು ಆರೋಗ್ಯದಿಂದಲೂ ನೆಮ್ಮದಿಯಿಂದಲೂ ಕೂಡಿರಲಿ. ಇಂಥ ಸಂಪುಟಗಳಲ್ಲಿ ನೂರು ವರ್ಷ ಬಾಳಲೆಂದು ಹಾರೈಸುವುದು ರೂಢಿ. ಅಳೆಯದ ಅಂಕಿಯನ್ನು ಸಂಗಪ್ಪನವರಿಗೆ ಅರ್ಪಿಸುವ ಧೈರ್ಯ ನನಗಿಲ್ಲ. ದೀರ್ಘಾಯುಷ್ಯ ಅವರದಾಗಲಿ, ಎಷ್ಟೆಂದು ಅವರೇ ಎಣಿಸಿ, ಸಹಿ ಹಾಕಿ, ನಮಗೆ ತಿಳಿಸಲಿ.

ಜೆರೋಮ್
ಕುವೈತ್, ಮೇ ೨೦೧೪